ಕಾಗದದ ಆ ಕಡೆ ಒಂದು ಮಂಚ ಇದೆ

ಹೋದ ತಿಂಗಳು ಒಂದು ಮದುವೆಮನೆಯ ಪಂಕ್ತಿಯಲ್ಲಿ ಕೂತಿದ್ದೆ. ಪಕ್ಕದಲ್ಲಿ ಸೋದರಮಾವ. ಕೋಸಂಬರಿ ಬರೋಷ್ಟರಲ್ಲಿ ಪ್ರಶ್ನೆ ಬಂತು.

"ಈಗ ಎಲ್ಲಿ ಮಾರಾಯ ನಿನ್ನ ಕೆಲಸ?"

"ಮೆಡಿಕಲ್ ಡಿವೈಸ್ ಕಂಪನಿ ಮಾವ."

"ಓ... ಮೆಡಿಕಲ್ ರೆಪ್ಪಾ? ಬ್ಯಾಗ್ ಹಿಡ್ಕೊಂಡು ಡಾಕ್ಟರ ಹತ್ರ ಕಾಯೋದಾ?"

"ಅಲ್ಲ ಮಾವ, ಆಸ್ಪತ್ರೆಯಲ್ಲಿ ಇಡ್ತಾರಲ್ಲ ಮೆಷಿನ್ನು, ಅದನ್ನ ಮಾಡೋದು."

"ಹಂಗಾದ್ರೆ ನೀನು ಮೆಷಿನ್ ಮಾಡ್ತೀಯ!"

"ಇಲ್ಲ ಮಾವ, ನಾನು ಮಾಡಲ್ಲ, ಬೇರೆಯವರು ಮಾಡಿದ್ದು ಸರಿ ಇದೆಯಾ ನೋಡಿ ಬರೀತೀನಿ."

ಮಾವ ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ಬರಿಯೋಕೆ ಸಂಬಳ ಕೊಡ್ತಾರಾ?" ಅಂದು ಸಾರಿಗೆ ಕೈ ಹಾಕಿದ್ರು :)

ನಕ್ಕು ಸುಮ್ಮನಾದೆ. ಆದ್ರೆ ಆ ಪ್ರಶ್ನೆ ತಲೆಯಲ್ಲೇ ಉಳೀತು. ಹೌದು, ನಮ್ಮ ಕಂಪನಿಯಲ್ಲಿ ನಂಗೆ ಸಂಬಳ ಕೊಡೋದು ಬರಿಯೋಕೇ. ಹದಿನಾಲ್ಕು ವರ್ಷದಿಂದ ಬರೀತಾ ಇದೀನಿ. ಅದರಲ್ಲಿ ಬಹಳ ವರ್ಷ ಯಾಕೆ ಬರೀತಿದೀನಿ ಅಂತ ನಂಗೇ ಸರಿಯಾಗಿ ಗೊತ್ತಿರಲಿಲ್ಲ. ಇವತ್ತು ಅದನ್ನೇ ಹೇಳ್ಕೊಳ್ಳೋಣ ಅಂತ. ಕಂಪನಿಯ ಹೆಸರು ಬೇಡ ಬಿಡಿ, ದೊಡ್ಡದು, ಹತ್ತಾರು ದೇಶದಲ್ಲಿದೆ, ಬೆಂಗಳೂರಿನ ರಿಂಗ್ ರೋಡ್ ಪಕ್ಕ ಗಾಜಿನ ಕಟ್ಟಡ ಇದೆ. ಇಷ್ಟು ಸಾಕು.

ಮೊದಲು ನಮ್ಮ ಲೋಕದ ರೀತಿ ರಿವಾಜು ಹೇಳ್ತೀನಿ. ಇಲ್ಲಿ ಒಂದು ಗಾದೆ ಇದೆ, ಬಂದ ಮೊದಲ ದಿನವೇ ಕಿವಿಗೆ ಬೀಳುತ್ತೆ: ಬರೆದಿಲ್ಲ ಅಂದ್ರೆ ಮಾಡಿಲ್ಲ ಅಂತ ಅರ್ಥ. ಯಂತ್ರ ಏನೇನು ಮಾಡಬೇಕು ಅನ್ನೋದಕ್ಕೆ ಒಂದೊಂದು ಸಾಲು, ಪ್ರತಿ ಸಾಲಿಗೂ ಒಂದು ನಂಬರ್. ಆ ನಂಬರಿಗೆ ಒಂದು ವಿನ್ಯಾಸ, ಆ ವಿನ್ಯಾಸಕ್ಕೆ ಒಂದು ಟೆಸ್ಟ್, ಟೆಸ್ಟಿಗೆ ಒಂದು ಫಲಿತಾಂಶ, ಫಲಿತಾಂಶಕ್ಕೆ ಸಹಿ. ಕೈಯಲ್ಲಿ ಬರೆಯೋ ಕಡೆ ಪೆನ್ಸಿಲ್ ಇಲ್ಲ, ವೈಟ್ನರ್ ಇಲ್ಲ. ತಪ್ಪು ಬರೆದ್ರೆ ಅದು ಓದೋಕೆ ಬರೋ ಹಾಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿ ಬರೆದು, ಸಣ್ಣ ಸಹಿ, ತಾರೀಖು. ತಪ್ಪನ್ನ ಮುಚ್ಚಿಡೋ ಹಾಗಿಲ್ಲ, ಎಲ್ಲರಿಗೂ ಕಾಣಬೇಕು. ಯೋಚನೆ ಮಾಡಿದ್ರೆ ಎಷ್ಟು ಒಳ್ಳೆ ನಿಯಮ ಅಲ್ವಾ? ಬದುಕಿಗೂ ಇಟ್ಕೋಬಹುದು.

ಸಾಫ್ಟ್‌ವೇರ್ ಕಂಪನಿಗಳಲ್ಲಿರೋ ಗೆಳೆಯರು ನಮ್ಮನ್ನ ಕಂಡ್ರೆ ನಗ್ತಾರೆ. "ನಿಮ್ಮಲ್ಲಿ ಒಂದು ಬಟನ್ ಬಣ್ಣ ಬದಲಿಸೋಕೆ ಆರು ತಿಂಗಳಂತೆ, ಹೌದಾ?" ಅಂತಾರೆ. ಹೌದು. ಅವರು ಬೆಳಿಗ್ಗೆ ಬರೆದದ್ದು ಸಂಜೆ ಜನರ ಫೋನಿನಲ್ಲಿರುತ್ತೆ. ನಾವು ಮಳೆಗಾಲದಲ್ಲಿ ಬರೆದದ್ದು ಮುಂದಿನ ಮಳೆಗಾಲಕ್ಕೆ ಆಸ್ಪತ್ರೆ ತಲುಪಿದ್ರೆ ಪುಣ್ಯ. ಆಮೇಲೆ ಆಡಿಟ್. ಆಡಿಟರ್ ಬರ್ತಾರೆ ಅಂದ್ರೆ ಹೆಣ್ಣಿನ ಕಡೆಯವರ ಮನೆಗೆ ಗಂಡಿನ ಕಡೆಯವರು ಬಂದ ಹಾಗೆ. ಮುಂದಿನ ರೂಮಲ್ಲಿ ಕೂತು ಉತ್ತರ ಕೊಡೋರು ಒಬ್ಬರು, ಹಿಂದಿನ ರೂಮಲ್ಲಿ ಕೂತು ಫೈಲ್ ಹುಡುಕಿ ಕಳಿಸೋರು ಹತ್ತು ಜನ. ನಮಗೆಲ್ಲ ಒಂದೇ ಪಾಠ: ಕೇಳಿದ್ದಕ್ಕೆ ಮಾತ್ರ ಉತ್ತರ, ಒಂದು ಮಾತು ಹೆಚ್ಚು ಬೇಡ.

ಇದೆಲ್ಲ ನಡೆಯುವಾಗ ನಿಧಾನಕ್ಕೆ ಮನಸ್ಸಿನಲ್ಲಿ ಏನಾಗುತ್ತೆ ಗೊತ್ತಾ? ನಾವು ಬರೆಯೋದು ಆಡಿಟರಿಗೆ ಅಂತ ಅನ್ನಿಸೋಕೆ ಶುರುವಾಗುತ್ತೆ. ನಂಗೂ ಹಾಗೇ ಆಗಿತ್ತು.

ನಾನು ಕೆಲಸ ಮಾಡೋದು ಇನ್ಫ್ಯೂಷನ್ ಪಂಪ್ ಮೇಲೆ. ಸಾಮಾನ್ಯ ಡ್ರಿಪ್ ನೀವೆಲ್ಲ ನೋಡಿದೀರಿ, ನಮ್ಮ ಕಡೆ 'ಗ್ಲೂಕೋಸ್ ಹಾಕಿದಾರೆ' ಅಂತೀವಲ್ಲ, ಅದೇ. ಮೇಲೆ ಬಾಟಲಿ, ಕೆಳಗೆ ಪೈಪು, ಮಧ್ಯದಲ್ಲಿ ಒಂದು ಚಕ್ರ. ಸಿಸ್ಟರ್ ಚಕ್ರ ತಿರುಗಿಸಿ ಹನಿ ಎಣಿಸ್ತಾರೆ. ಇಪ್ಪತ್ತು ಹನಿಗೆ ಒಂದು ಎಂಎಲ್ ಆಗೋ ಸೆಟ್ ಆದ್ರೆ ಗಂಟೆಗೆ 100 ಎಂಎಲ್ ಹೋಗಬೇಕು ಅಂದಾಗ ನಿಮಿಷಕ್ಕೆ ಸುಮಾರು 33 ಹನಿ. ಸಲೈನಿಗೆ ಇದು ಸಾಕು. ಆದ್ರೆ ಬಿಪಿ ಏರಿಸೋ ಔಷಧಿ, ಇನ್ಸುಲಿನ್, ನೋವಿನ ಗಟ್ಟಿ ಔಷಧಿಗಳು ಗಂಟೆಗೆ ಎರಡು ಎಂಎಲ್, ಐದು ಎಂಎಲ್ ಲೆಕ್ಕದಲ್ಲಿ ಹೋಗಬೇಕು. ಅಲ್ಲಿ ಹನಿ ಎಣಿಸಿ ಆಗಲ್ಲ. ಅದಕ್ಕೇ ಪಂಪ್. ಸಿಸ್ಟರ್ ನಂಬರ್ ಒತ್ತುತ್ತಾರೆ, ಅದು ಅಷ್ಟನ್ನೇ ತಳ್ಳುತ್ತೆ. ಪೈಪಿನಲ್ಲಿ ಗಾಳಿ ಬಂದ್ರೆ ಕೂಗುತ್ತೆ, ಎಲ್ಲಾದ್ರೂ ಕಟ್ಟಿಕೊಂಡ್ರೆ ಕೂಗುತ್ತೆ, ಬ್ಯಾಟರಿ ಮುಗಿದ್ರೆ ಕೂಗುತ್ತೆ.

ನನ್ನ ಕೆಲಸ ಲ್ಯಾಬಲ್ಲಿ. ಮೇಜಿನ ಮೇಲೆ ಪಂಪ್, ಪಂಪಿನ ಪೈಪು ಒಂದು ಬೀಕರಿಗೆ, ಬೀಕರ್ ತಕ್ಕಡಿ ಮೇಲೆ. ಒಂದು ಎಂಎಲ್ ನೀರಿಗೆ ಒಂದು ಗ್ರಾಂ ತೂಕ. ಗಂಟೆಗೆ ಎಷ್ಟು ತೂಕ ಏರಿತು ಅಂತ ನೋಡಿದ್ರೆ ಪಂಪ್ ಎಷ್ಟು ತಳ್ಳಿತು ಗೊತ್ತಾಗುತ್ತೆ. ದಿನವಿಡೀ ಬೀಕರ್ ತುಂಬೋದನ್ನ ನೋಡಿ ನೋಡಿ, ಆ ನೀರು ಹೋಗಿ ಸೇರೋದು ಒಬ್ಬ ಮನುಷ್ಯನ ರಕ್ತನಾಳಕ್ಕೆ ಅನ್ನೋದೇ ಮರೆತು ಹೋಗುತ್ತೆ.

ಕೆಲವು ವರ್ಷದ ಹಿಂದೆ ಒಂದು ಸಂಜೆ ಹೀಗೇ ಟೆಸ್ಟ್ ಮಾಡ್ತಾ 5 ಒತ್ತಿದೆ. ಪರದೆ ಮೇಲೆ 55 ಬಂತು.

ಒಂದು ಸಲ ಒತ್ತಿದ್ದು ಎರಡು ಸಲ ಅಂತ ಯಂತ್ರ ಅಂದ್ಕೊಳ್ಳೋದು. ನಮ್ಮ ಕಸುಬಿನಲ್ಲಿ ಇದಕ್ಕೆ ಕೀ ಬೌನ್ಸ್ ಅಂತಾರೆ, ಹಳೇ ಕಾಯಿಲೆ. 2006ರಲ್ಲಿ ಅಮೆರಿಕದಲ್ಲಿ ಒಂದು ಜಾತಿಯ ಪಂಪುಗಳ ಮೇಲೆ ಇದೇ ಕಾರಣಕ್ಕೆ ದೊಡ್ಡ ಕ್ರಮವೇ ಆಗಿತ್ತು. 5ರ ಜಾಗದಲ್ಲಿ 55 ಅಂದ್ರೆ ಹನ್ನೊಂದು ಪಟ್ಟು. ಟಿವಿ ರಿಮೋಟಿನಲ್ಲಿ ಆದ್ರೆ ಬೇರೆ ಚಾನೆಲ್ ಬರುತ್ತೆ, ಅಷ್ಟೇ. ಇಲ್ಲಿ...

ಬರೆದುಕೊಂಡೆ. ಮತ್ತೆ ಒತ್ತಿದೆ, 5 ಬಂತು. ಇನ್ನೂರು ಸಲ ಒತ್ತಿದೆ. ಇನ್ನೂರು ಸಲವೂ 5.

ಮಾರನೇ ದಿನ ಮೀಟಿಂಗ್. "ರಿಪ್ರೊಡ್ಯೂಸ್ ಆಗುತ್ತಾ?" ಅಂದ್ರು. ಅಂದ್ರೆ ಮತ್ತೆ ಮಾಡಿ ತೋರಿಸ್ತೀಯಾ ಅಂತ. ಇಲ್ಲ ಅಂದೆ. "ನೀನೇ ಎರಡು ಸಲ ಒತ್ತಿರಬಹುದಾ?" ಇರಬಹುದು... ಅಂದೆ. ಯಾರೂ ಗದರಿಸಲಿಲ್ಲ, ಹೆದರಿಸಲಿಲ್ಲ. ಎಲ್ಲರೂ ಒಳ್ಳೆಯವರೇ, ನಂಗಿಂತ ಓದಿದವರು. ಬಿಡುಗಡೆಯ ತಾರೀಖು ಮಾತ್ರ ಹತ್ತಿರ ಇತ್ತು. ಆಗೋ ಸಾಧ್ಯತೆ 'ಅತಿ ಕಡಿಮೆ' ಅಂತ ಬರೆದ್ರು. ಪರಿಹಾರವಾಗಿ ಕೈಪಿಡಿಗೆ ಒಂದು ಸಾಲು ಸೇರಿಸಿದ್ರು: ಶುರು ಮಾಡುವ ಮುನ್ನ ಪರದೆಯ ಮೇಲಿನ ಸಂಖ್ಯೆಯನ್ನು ಬಳಕೆದಾರರು ಖಚಿತಪಡಿಸಿಕೊಳ್ಳಬೇಕು. ಕೆಳಗೆ ನನ್ನ ಸಹಿ.

ಹೌದು, ನನ್ನದೇ. ಕಪ್ಪು ಇಂಕಿನಲ್ಲಿ, ತಾರೀಖಿನ ಸಮೇತ. ಆಡಿಟರ್ ನೋಡಿದ್ರೆ ಒಂದು ತಪ್ಪೂ ಸಿಗಲ್ಲ.

ನಂಗೆ ಗೊತ್ತಿಲ್ಲದೇ ಮಾಡಿದೆ ಅಂತ ಹೇಳೋ ಹಾಗೂ ಇಲ್ಲ. ಈ ಉದ್ಯೋಗಕ್ಕೆ ಸೇರಿದ ಹೊಸದರಲ್ಲೇ ಥೆರಾಕ್-25 ಕಥೆ ಹೇಳಿಕೊಡ್ತಾರೆ. ಕ್ಯಾನ್ಸರಿಗೆ ವಿಕಿರಣ ಕೊಡೋ ಯಂತ್ರ ಅದು, ಕೆನಡಾದಲ್ಲಿ ತಯಾರಾದದ್ದು. 1985ರಿಂದ 1987ರ ನಡುವೆ ಆರು ಜನ ರೋಗಿಗಳಿಗೆ ಅಳತೆ ಮೀರಿ ವಿಕಿರಣ ಹೊಡೀತು, ಕನಿಷ್ಠ ಮೂವರು ಸತ್ತರು. ಹಿಂದಿನ ಮಾಡೆಲ್‌ಗಳಲ್ಲಿ ಇದ್ದ ಯಾಂತ್ರಿಕ ತಡೆಗಳನ್ನ ತೆಗೆದು, ಅದನ್ನೂ ಸಾಫ್ಟ್‌ವೇರೇ ನೋಡ್ಕೊಳ್ಳುತ್ತೆ ಅಂತ ಬಿಟ್ಟಿದ್ರು. ಆಸ್ಪತ್ರೆಯವರು ದೂರು ಕೊಟ್ಟಾಗ ಬಂದ ಉತ್ತರ, ನಮ್ಮ ಯಂತ್ರದಲ್ಲಿ ಹಾಗಾಗೋಕೆ ಸಾಧ್ಯವೇ ಇಲ್ಲ. 1986ರಲ್ಲಿ ಅಮೆರಿಕದ ಟೆಕ್ಸಾಸಿನ ಟೈಲರ್ ಅನ್ನೋ ಊರಿನ ಆಸ್ಪತ್ರೆಯಲ್ಲಿ ಎರಡನೇ ಅಪಘಾತ ಆದ ಮೇಲೆ, ಅಲ್ಲಿನ ಭೌತವಿಜ್ಞಾನಿ ಮತ್ತು ಯಂತ್ರ ನಡೆಸ್ತಿದ್ದ ಆಪರೇಟರ್ ಇಬ್ಬರೂ ಯಂತ್ರದ ಮುಂದೆ ಕೂತು ಮತ್ತೆ ಮತ್ತೆ ಮಾಡಿ ನೋಡಿದ್ರು. ಕೊನೆಗೂ ಗುಟ್ಟು ಸಿಕ್ತು. ತಪ್ಪು ಬರ್ತಾ ಇದ್ದದ್ದು ವೇಗವಾಗಿ ಟೈಪ್ ಮಾಡಿದಾಗ. ದಿನಾ ಅದೇ ಕೆಲಸ ಮಾಡಿ ಕೈ ಪಳಗಿದವರು ಎಷ್ಟು ವೇಗವಾಗಿ ಒತ್ತುತ್ತಾರೋ ಅಷ್ಟು ವೇಗದಲ್ಲಿ ಒತ್ತಿದ್ರೆ ಮಾತ್ರ.

ಈ ಪಾಠದ ಕೊನೆಯಲ್ಲಿ ಒಂದು ಪರೀಕ್ಷೆ ಇರುತ್ತೆ. ನಾನು ಹತ್ತಕ್ಕೆ ಹತ್ತು ತಗೊಂಡಿದ್ದೆ.

ಅದಾಗಿ ಒಂದು ವರ್ಷಕ್ಕೆ ಅಪ್ಪನಿಗೆ ಹುಷಾರು ತಪ್ಪಿತು. ಮೂತ್ರದ ಸೋಂಕು ರಕ್ತಕ್ಕೆ ಹತ್ತಿತ್ತು. ಊರಿನ ಹತ್ತಿರದ ಒಂದು ಸಣ್ಣ ಆಸ್ಪತ್ರೆಗೆ ಸೇರಿಸಿದ್ವಿ. ಬಿಪಿ ಬೀಳ್ತಾ ಇತ್ತು, ಅದನ್ನ ಹಿಡಿದು ನಿಲ್ಲಿಸೋ ಔಷಧಿ ಸಿರಿಂಜ್ ಪಂಪಿನಲ್ಲಿ ಹೋಗ್ತಾ ಇತ್ತು. ನಮ್ಮ ಕಂಪನಿಯ ಪಂಪಲ್ಲ, ಬೇರೆಯವರದು. ಸಣ್ಣ ಆಸ್ಪತ್ರೆ ಆದ್ದರಿಂದ ರಾತ್ರಿ ಮಂಚದ ಪಕ್ಕ ಸ್ಟೂಲ್ ಹಾಕ್ಕೊಂಡು ಕೂರೋಕೆ ಬಿಟ್ರು.

ಹದಿನಾಲ್ಕು ವರ್ಷದ ನೌಕರಿಯಲ್ಲಿ ಪಂಪ್ ಕೆಲಸ ಮಾಡೋದನ್ನ ಮಂಚದ ಪಕ್ಕ ಕೂತು ಇಡೀ ರಾತ್ರಿ ನೋಡಿದ್ದು ಅದೇ ಮೊದಲು. ನಾಚಿಕೆ ಆಗುತ್ತೆ ಹೇಳೋಕೆ.

ಎಂಟು ಮಂಚ, ಒಬ್ಬರೇ ಸಿಸ್ಟರ್. ಇಪ್ಪತ್ತೈದು ವರ್ಷ ಇರಬಹುದು ಆ ಹುಡುಗಿಗೆ. ಒಂದು ಕಡೆ ಪಂಪ್ ಕೂಗುತ್ತೆ, ಇನ್ನೊಂದು ಕಡೆ ಮಾನಿಟರ್ ಕೂಗುತ್ತೆ, ಮೂರನೇ ಮಂಚದ ಅಜ್ಜಿ "ಮಗಾ ನೀರು" ಅಂತ ಕೂಗುತ್ತೆ. ಪಂಪಿನ ಮೇಲೆ ಎಲ್ಲ ಇಂಗ್ಲಿಷ್. ಬಟನ್ನುಗಳ ಮೇಲಿನ ಅಂಕಿ ಅರ್ಧ ಅಳಿಸಿ ಹೋಗಿವೆ. ಕೈಪಿಡಿಯಂತೂ ಕೇಳಲೇಬೇಡಿ, ಆ ಕಟ್ಟಡದಲ್ಲೇ ಇರಲಿಲ್ಲ ಅನ್ನಿಸುತ್ತೆ. ನಾವು ಸಾಲು ಸಾಲಾಗಿ ಬರೆದು, ಮೂರು ಮೂರು ಜನ ಓದಿ, ಸಹಿ ಹಾಕೋ ಕೈಪಿಡಿ!

ಆಕೆ ಬಂದು ಅಪ್ಪನ ಪಂಪಿನ ನಂಬರ್ ಬದಲಿಸಿದ್ರು. ಬೆರಳ ತುದಿಯಲ್ಲಿ ಅಲ್ಲ, ಬೆರಳನ್ನ ಮಡಚಿ ಗೆಣ್ಣಿನಿಂದ ಟಕ್ ಅಂತ ಒತ್ತಿ ಹೊರಟ್ರು.

"ಸಿಸ್ಟರ್, ಯಾಕೆ ಹಾಗೆ ಒತ್ತುತ್ತೀರಾ?" ಅಂದೆ.

"ಗ್ಲೌಸ್ ಒದ್ದೆ ಇರುತ್ತಲ್ಲ ಸರ್, ಬೆರಳು ಜಾರುತ್ತೆ. ಬಟನ್ನೂ ಹಳೇದು, ಗಟ್ಟಿ ಒತ್ತಬೇಕು."

"ಒತ್ತಿದ ಮೇಲೆ ನಂಬರ್ ನೋಡಿದ್ರಾ?"

ಆಕೆ ನಿಂತು ನನ್ನ ಮುಖ ನೋಡಿದ್ರು. ಸಿಟ್ಟೇನೂ ಇರಲಿಲ್ಲ, ಸುಸ್ತಿತ್ತು. "ನೋಡ್ದೆ ಸರ್. ನೋಡ್ತೀವಿ. ಆದ್ರೆ ಪ್ರತಿ ಸಲ ಆಗುತ್ತಾ, ನೀವೇ ಹೇಳಿ."

ನಾನೇನು ಹೇಳಲಿ? ಪ್ರತಿ ಸಲ ಆಗುತ್ತೆ ಅಂತ ಸಹಿ ಹಾಕಿ ಬಂದವನು ನಾನು.

ಅಪ್ಪ ಹುಷಾರಾದ್ರು. ಈಗಲೂ ತೋಟಕ್ಕೆ ಹೋಗ್ತಾರೆ. ಬೆಂಗಳೂರಿಗೆ ವಾಪಸ್ ಬಂದ ಮೊದಲ ದಿನ ಲ್ಯಾಬಿಗೆ ಹೋಗಿ ಗ್ಲೌಸ್ ಹಾಕ್ಕೊಂಡು, ನೀರಲ್ಲಿ ಅದ್ದಿ, ಬೆರಳ ಗೆಣ್ಣಿನಿಂದ ಬಟನ್ನಿನ ಅಂಚಿಗೆ ಟಕ್ ಟಕ್ ಅಂತ ಒತ್ತುತ್ತಾ ಹೋದೆ. ಇನ್ನೂರು ಸಲದಲ್ಲಿ ಮೂರು ಸಲ 55.

ಯಾರು ಬೇಕಾದ್ರೂ ಮಾಡಿ ನೋಡಬಹುದಾಗಿತ್ತು. ನಾವು ಇಂಜಿನಿಯರುಗಳು, ಎಸಿ ರೂಮಿನಲ್ಲಿ ಒಣ ಕೈಯಲ್ಲಿ ಹೊಸ ಬಟನ್ನನ್ನ ಮಧ್ಯಕ್ಕೆ ಸರಿಯಾಗಿ ಒತ್ತಿ, ಏನೂ ತೊಂದರೆ ಇಲ್ಲ ಅಂತ ಬರೆದಿದ್ವಿ.

ಫೈಲನ್ನ ಮತ್ತೆ ತೆರೆಸೋದು ಸುಲಭ ಇರಲಿಲ್ಲ. ಮುಚ್ಚಿದ ಫೈಲ್ ತೆರೆದ್ರೆ ಮುಚ್ಚಿದವರಿಗೆಲ್ಲ ಮುಜುಗರ, ಅದರಲ್ಲಿ ನಾನೂ ಒಬ್ಬ. "ಹೋದ ವರ್ಷ ನೀನೇ ಸಹಿ ಹಾಕಿದ್ದೆಯಲ್ಲ?" ಅಂದ್ರು. ಹೌದು, ಅದು ತಪ್ಪು, ಗೆರೆ ಎಳೀತೀನಿ, ಪಕ್ಕದಲ್ಲಿ ಸರಿಯಾದದ್ದು ಬರೀತೀನಿ ಅಂದೆ. ಕ್ವಾಲಿಟಿ ವಿಭಾಗದಲ್ಲಿ ಒಬ್ಬರು ಮೇಡಂ ಇದ್ರು, ನಿವೃತ್ತಿಗೆ ಹತ್ತಿರ. ಎಲ್ಲರೂ ಅವರನ್ನ ಕಂಡ್ರೆ ಗೊಣಗೋರು, ಪೂರ್ಣವಿರಾಮಕ್ಕೂ ಜಗಳ ಮಾಡ್ತಾರೆ ಅಂತ. ಆ ದಿನ ನನ್ನ ಪಕ್ಕ ನಿಂತವರು ಅವರೊಬ್ಬರೇ. ಅವರು ಕೈಯಲ್ಲಿ ಹಿಡಿದು ತೋರಿಸಿದ್ದೂ ಒಂದು ಕಾಗದವನ್ನೇ.

ಅದು ಐಎಸ್ಒ 14971, ನಮ್ಮ ಉದ್ಯೋಗದಲ್ಲಿ ಅಪಾಯದ ಲೆಕ್ಕಾಚಾರಕ್ಕೆ ಇರೋ ಮಾನದಂಡ. ಅದರಲ್ಲಿ ಅಪಾಯ ತಡೆಯೋಕೆ ಮೂರು ದಾರಿ ಇದೆ, ಅವಕ್ಕೆ ಒಂದು ಕ್ರಮವೂ ಇದೆ. ಮೊದಲು ಯಂತ್ರವನ್ನೇ ಆ ತಪ್ಪು ಆಗದ ಹಾಗೆ ಕಟ್ಟು. ಅದು ಆಗದಿದ್ರೆ ಯಂತ್ರದೊಳಗೆ ಒಂದು ತಡೆ ಹಾಕು. ಎಚ್ಚರಿಕೆ ಬರೆಯೋದು, ತರಬೇತಿ ಕೊಡೋದು ಕೊನೆಗೆ. ನಾವು ಕೊನೆಯದ್ದನ್ನ ಮೊದಲು ಮಾಡಿ ಕೈ ತೊಳ್ಕೊಂಡಿದ್ವಿ. ಬಾವಿಗೆ ಕಟ್ಟೆ ಕಟ್ಟದೆ 'ಇಲ್ಲಿ ಬಾವಿ ಇದೆ' ಅಂತ ಬೋರ್ಡ್ ಹಾಕಿದ ಹಾಗೆ. ಅದೂ ಇಂಗ್ಲಿಷಿನಲ್ಲಿ.

ನಾಲ್ಕು ತಿಂಗಳು ಹಿಡೀತು. ಬೆರಳು ಪೂರ್ತಿ ಮೇಲೆ ಬಂದು ಸ್ವಲ್ಪ ಹೊತ್ತು ಆಗೋ ತನಕ ಎರಡನೇ ಒತ್ತನ್ನ ಲೆಕ್ಕಕ್ಕೆ ಹಿಡೀಬಾರದು, ಮೊದಲಿದ್ದ ವೇಗಕ್ಕಿಂತ ಬಹಳ ಜಾಸ್ತಿ ಆದ್ರೆ ಯಂತ್ರವೇ ನಿಲ್ಲಿಸಿ ಕೇಳಬೇಕು ಅಂತ ಬದಲಾಯಿಸಿದ್ರು. ಆಸ್ಪತ್ರೆಗಳಲ್ಲಿದ್ದ ಪಂಪುಗಳಿಗೂ ಹೊಸ ಸಾಫ್ಟ್‌ವೇರ್ ಹೋಯ್ತು. ಆ ನಡುವಿನ ಒಂದು ವರ್ಷದಲ್ಲಿ ಯಾರಿಗೂ ಏನೂ ಆಗಿಲ್ಲ ಅಂತ ಫೈಲ್ ಹೇಳುತ್ತೆ. ಆದ್ರೆ ಫೈಲಿಗೆ ಬಂದದ್ದನ್ನ ಮಾತ್ರ ಫೈಲ್ ಹೇಳುತ್ತೆ. ಈ ಮಾತು ಕೆಲವು ರಾತ್ರಿ ನಿದ್ದೆ ಕೆಡಿಸುತ್ತೆ.

ಯಾಕಂದ್ರೆ ದೂರು ಬರಬೇಕಲ್ಲ? ಅಮೆರಿಕದಲ್ಲಿ 2005ರಿಂದ 2009ರ ಐದು ವರ್ಷದಲ್ಲಿ ಇನ್ಫ್ಯೂಷನ್ ಪಂಪುಗಳ ಬಗ್ಗೆ ಅಲ್ಲಿನ ಎಫ್‌ಡಿಎಗೆ ಬಂದ ವರದಿಗಳು ಸುಮಾರು 56,000, ವಾಪಸಾತಿಗಳು 87. ಬಹಳಷ್ಟು ತೊಂದರೆಗಳ ಮೂಲ ವಿನ್ಯಾಸದಲ್ಲೇ ಇದೆ ಅಂತ ಅವರೇ 2010ರಲ್ಲಿ ಹೇಳಿ, ತಯಾರಕರ ಮೇಲೆ ಬಿಗಿ ಮಾಡಿದ್ರು. ಓದಿದವರು ಅಮೆರಿಕದ ಪಂಪ್ ಅಷ್ಟು ಕೆಟ್ಟದಾ ಅಂತಾರೆ. ನಂಗೆ ಅನ್ನಿಸೋದು ಬೇರೆ. ಅಲ್ಲಿ ಯಾರೋ ಕೂತು ಬರೆದ್ರು, ಅದಕ್ಕೇ ಗೊತ್ತಾಯ್ತು. ನಾನು ಇಷ್ಟು ವರ್ಷದಲ್ಲಿ ಓದಿದ ದೂರುಗಳಲ್ಲಿ ನಮ್ಮ ದೇಶದ ಆಸ್ಪತ್ರೆಗಳಿಂದ ಬಂದವು ಬೆರಳೆಣಿಕೆ. ನಮ್ಮಲ್ಲೂ ವ್ಯವಸ್ಥೆ ಇಲ್ಲ ಅಂತಲ್ಲ. 2015ರಿಂದ ವೈದ್ಯಕೀಯ ಸಾಧನಗಳ ತೊಂದರೆ ದಾಖಲಿಸೋಕೆ ಮೆಟೀರಿಯೋವಿಜಿಲೆನ್ಸ್ ಅನ್ನೋ ರಾಷ್ಟ್ರೀಯ ಕಾರ್ಯಕ್ರಮ ಇದೆ. ಸಾಧನಗಳಿಗಂತಲೇ ಮಾಡಿದ 2017ರ ನಿಯಮಗಳು 2018ರ ಜನವರಿಯಿಂದ ಜಾರಿಯಲ್ಲಿವೆ. ಆದ್ರೆ ಎಂಟು ಮಂಚ ನೋಡ್ಕೊಳ್ಳೋ ಸಿಸ್ಟರ್ ಯಾವಾಗ ಕೂತು ಬರೀಬೇಕು? ಪಂಪ್ ಕೈಕೊಟ್ರೆ ಒಂದು ಪ್ಲಾಸ್ಟರ್ ಅಂಟಿಸಿ 'ಕೆಟ್ಟಿದೆ' ಅಂತ ಬರೆದು ಮೂಲೆಗಿಡ್ತಾರೆ. ಆ ಪ್ಲಾಸ್ಟರ್ ಮೇಲೆ ಬರೆದದ್ದು ನಮ್ಮ ಫೈಲ್ ತನಕ ಬರೋದೇ ಇಲ್ಲ.

ಹಿಂದೆ ಈ ದೂರ ಇರಲಿಲ್ಲ. 1957ರ ಅಕ್ಟೋಬರ್ ಕೊನೆಯಲ್ಲಿ ಅಮೆರಿಕದ ಮಿನಿಯಾಪೊಲಿಸಿನಲ್ಲಿ ಕರೆಂಟ್ ಹೋಗಿತ್ತು. ಆಗ ಹೃದಯಕ್ಕೆ ಮಿಡಿತ ಕೊಡೋ ಪೇಸ್‌ಮೇಕರ್ ಗೋಡೆಯ ಪ್ಲಗ್ಗಿಗೆ ಸಿಕ್ಕಿಸೋ ಪೆಟ್ಟಿಗೆ. ಸರ್ಜನ್ ಲಿಲೆಹೈ, ಆಸ್ಪತ್ರೆಯ ಯಂತ್ರಗಳನ್ನ ರಿಪೇರಿ ಮಾಡ್ತಿದ್ದ ಅರ್ಲ್ ಬ್ಯಾಕೆನ್ ಹತ್ರ ಬ್ಯಾಟರಿಯದ್ದು ಬೇಕು ಅಂದ್ರು. ಬ್ಯಾಕೆನ್ ಗ್ಯಾರೇಜಿನಲ್ಲಿ ಕೂತು ಕೆಲವೇ ವಾರದಲ್ಲಿ ಮಾಡಿ, ಪ್ರಾಣಿಗಳ ಮೇಲೆ ಪರೀಕ್ಷೆಗೆ ಅಂತ ಕೊಟ್ಟು ಬಂದ್ರು. ಮಾರನೇ ದಿನ ಬಂದು ನೋಡಿದ್ರೆ ಅದು ಒಂದು ಮಗುವಿಗೆ ಹಾಕಿಯಾಗಿತ್ತು! ಇವತ್ತು ಯಾರಾದ್ರೂ ಹಾಗೆ ಮಾಡಿದ್ರೆ ಜೈಲೇ ಸರಿ, ಅದು ಸರಿಯೂ ಹೌದು. ಆ ಕಾಲ ವಾಪಸ್ ಬರಲಿ ಅಂತ ನಾನು ಹೇಳ್ತಾ ಇಲ್ಲ. ಅಲ್ಲಿ ಕಾಗದ ಇರಲಿಲ್ಲ, ಆದ್ರೆ ಮಾಡಿದವನ ಕಣ್ಣೆದುರು ಮಗು ಇತ್ತು. ಇಲ್ಲಿ ನಮ್ಮ ಹತ್ರ ಕಪಾಟು ತುಂಬ ಕಾಗದ ಇದೆ, ಮಂಚ ಕಾಣಲ್ಲ.

ಅದಕ್ಕೇ ಕಾಗದ ಜಾಸ್ತಿ ಆಯ್ತು ಅಂತ ಗೊಣಗೋರ ಜೊತೆ ಈಗ ನಾನು ಸೇರಲ್ಲ. ದೂರದ ಮಂಚವನ್ನ ನಮ್ಮ ಮೇಜಿನ ತನಕ ತರೋಕೆ ಅಂತಲೇ ಈ ಕಾಗದ ಹುಟ್ಟಿದ್ದು. ನಾವೇ ಅದನ್ನ ಆಡಿಟರ ಕಡೆ ತಿರುಗಿಸಿ ಇಟ್ಟಿದ್ದೇವೆ.

ದೊಡ್ಡ ಕಂಪನಿಗಳು ವರ್ಷಕ್ಕೊಮ್ಮೆ ಒಬ್ಬ ರೋಗಿಯನ್ನ ಕರೆಸಿ ವೇದಿಕೆಯಲ್ಲಿ ಮಾತಾಡಿಸ್ತಾರೆ. ನಿಮ್ಮಿಂದ ನಾನು ಬದುಕಿದೆ ಅಂತ ಅವರು ಹೇಳುವಾಗ ಎಲ್ಲರ ಕಣ್ಣೂ ಒದ್ದೆ, ನಂದೂ. ಸುಳ್ಳೇನೂ ಅಲ್ಲ ಅದು. ಆದ್ರೆ ಬದುಕಿದವರನ್ನ ಮಾತ್ರ ನಮ್ಮ ಕಟ್ಟಡಕ್ಕೆ ಕರೆಸಿದ್ರೆ ಸಾಲದು, ನಾವೂ ಅವರ ವಾರ್ಡಿಗೆ ಹೋಗಬೇಕು. ಯಂತ್ರ ಮಾಡೋ, ಪರೀಕ್ಷೆ ಮಾಡೋ ಪ್ರತಿಯೊಬ್ಬರೂ ವರ್ಷಕ್ಕೆ ಒಂದು ವಾರ, ಹೋಟೆಲ್ಲಿನ ಹಾಗಿರೋ ಆಸ್ಪತ್ರೆಗಲ್ಲ, ತಾಲ್ಲೂಕು ಆಸ್ಪತ್ರೆಗೆ, ರಾತ್ರಿ ಪಾಳಿಗೆ. ಸಲಹೆ ಕೊಡೋಕಲ್ಲ, ಸುಮ್ಮನೆ ಸ್ಟೂಲ್ ಮೇಲೆ ಕೂತು ನೋಡೋಕೆ. ಇನ್ನೊಂದು, 'ಮತ್ತೆ ಮಾಡಿ ತೋರಿಸೋಕೆ ಆಗಲಿಲ್ಲ' ಅನ್ನೋ ಕಾರಣಕ್ಕೆ ಯಾವ ಫೈಲನ್ನೂ ಮುಚ್ಚಬಾರದು. ಅದರ ಅರ್ಥ ತೊಂದರೆ ಇಲ್ಲ ಅಂತಲ್ಲ, ನಮಗೆ ಒತ್ತೋಕೆ ಬರಲಿಲ್ಲ ಅಂತ.

ನಮ್ಮ ಆಫೀಸಲ್ಲಿ ಇದನ್ನ ಬರೆದು ಕೊಟ್ಟಿದೀನಿ. ಬಜೆಟ್ ನೋಡೋಣ ಅಂದಿದಾರೆ. ಸದ್ಯಕ್ಕೆ ನಾನೇ ರಜೆ ಹಾಕಿ ವರ್ಷಕ್ಕೆ ಎರಡು ರಾತ್ರಿ, ಅಪ್ಪ ಇದ್ದ ಅದೇ ಆಸ್ಪತ್ರೆಗೆ ಡಾಕ್ಟರ ಒಪ್ಪಿಗೆ ಕೇಳಿ ಹೋಗ್ತೀನಿ. ಹೋದ ಸಲ ಹೋದಾಗ ಆ ಸಿಸ್ಟರ್ ಇರಲಿಲ್ಲ, ಗಲ್ಫಿಗೆ ಹೋದ್ರಂತೆ. ಹೊಸ ಹುಡುಗಿ ಬಂದಿದಾಳೆ. ಆಕೆ ಬಟನ್ನನ್ನ ಪೆನ್ನಿನ ಹಿಂಭಾಗದಿಂದ ಒತ್ತುತ್ತಾಳೆ. ಬರ್ಕೊಂಡು ಬಂದಿದೀನಿ, ಪೆನ್ನು ತಗೊಂಡು ಲ್ಯಾಬಿನಲ್ಲಿ ಕೂರಬೇಕು.

ನಿಮ್ಮಲ್ಲಿ ಯಾರಾದ್ರೂ ಆಸ್ಪತ್ರೆಯಲ್ಲಿ ಕೆಲಸ ಮಾಡೋರಿದ್ರೆ, ಅಥವಾ ನಿಮ್ಮವರ ಮಂಚದ ಪಕ್ಕ ಕೂತಿದ್ದಾಗ ಯಾವುದಾದ್ರೂ ಯಂತ್ರ ವಿಚಿತ್ರವಾಗಿ ಆಡಿದ್ದು ನೋಡಿದ್ರೆ, ದಯವಿಟ್ಟು ಪ್ಲಾಸ್ಟರ್ ಅಂಟಿಸಿ ಸುಮ್ಮನಾಗಬೇಡಿ. ಯಂತ್ರದ ಹೆಸರು, ನಂಬರ್, ಸಮಯ, ಏನಾಯ್ತು ಅಂತ ನಾಲ್ಕು ಸಾಲು ಬರೆದು ಆಸ್ಪತ್ರೆಯವರಿಗೆ ಕೊಡಿ, ಕಂಪನಿಗೆ ಕಳಿಸಿ ಅಂತ ಹೇಳಿ. ಈ ಕಡೆ ಅದನ್ನ ಓದೋಕೆ ಅಂತಲೇ ಸಂಬಳ ತಗೊಳ್ಳೋ ನನ್ನಂಥವರು ಕೂತಿದೀವಿ. ಬಂದ್ರೆ ಓದಲೇಬೇಕು, ಅದು ಕಾನೂನು.

ಮಾವನಿಗೆ ಮುಂದಿನ ಮದುವೆಯಲ್ಲಿ ಸಿಕ್ಕಾಗ ಇದನ್ನೇ ಹೇಳ್ತೀನಿ. ಹೌದು ಮಾವ, ಬರಿಯೋಕೇ ಸಂಬಳ ಕೊಡ್ತಾರೆ. ಸುಳ್ಳು ಬರೀದೇ ಇರೋಕೆ ಇನ್ನೂ ಸ್ವಲ್ಪ ಜಾಸ್ತಿ ಕೊಡಬೇಕಿತ್ತು ಅಷ್ಟೇ :)

ನೀವೇನಂತೀರಿ?